ದೊಡ್ಡ ತಂತ್ರಜ್ಞಾನ ಕಂಪನಿಯ ಜತೆ ಸಂಶೋಧನೆ: ಯಾವ ಬಗೆಯ ಸಹಯೋಗ ಯಾರಿಗೆ ಹೊಂದುತ್ತದೆ?

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಂಪನಿಯೊಡನೆ ಸಹಯೋಗವೆಂದರೆ ಹೆಚ್ಚಿನ ಸಲ ಒಂದು ಮಧ್ಯಾಹ್ನದ ಸಮಾರಂಭ. ವೇದಿಕೆಯ ಮೇಲೆ ಎರಡು ಫೈಲುಗಳು ಕೈ ಬದಲಾಗುತ್ತವೆ, ಅತಿಥಿಗಳಿಗೆ ಮೈಸೂರು ಪೇಟ ತೊಡಿಸಿ ಶಾಲು ಹೊದಿಸಲಾಗುತ್ತದೆ, ಆ ಫೋಟೊ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡಕ್ಕೆ ತೋರಿಸುವ ಕಡತವನ್ನು ಸೇರುತ್ತದೆ. ಎಂಒಯು, ಅಂದರೆ ಆ ಒಡಂಬಡಿಕೆ ಪತ್ರದ ಅವಧಿ ಮುಗಿಯುವ ಹೊತ್ತಿಗೆ ಸಹಿ ಹಾಕಿದ ಇಬ್ಬರೂ ಬೇರೆ ಹುದ್ದೆಗಳಲ್ಲಿರುತ್ತಾರೆ. ಇದು ಯಾರೊಬ್ಬರ ಸೋಮಾರಿತನದಿಂದ ಆಗುವುದಲ್ಲ. ಕಂಪನಿಯಿಂದ ತನಗೆ ಬೇಕಾಗಿರುವುದು ಹಣವೋ, ಒಳ್ಳೆಯ ಸಮಸ್ಯೆಯೋ, ದತ್ತಾಂಶವೋ, ವಿದ್ಯಾರ್ಥಿಗಳಿಗೆ ಮುಂದಿನ ದಾರಿಯೋ ಎಂಬುದನ್ನು ವಿಭಾಗ ಮೊದಲು ಗೊತ್ತುಮಾಡಿಕೊಂಡಿರುವುದಿಲ್ಲ. ಆ ಕಂಪನಿಯಲ್ಲಿ ಸಂಶೋಧನೆ ಯಾರ ಕೈಕೆಳಗೆ ನಡೆಯುತ್ತದೆಂದು ವಿಚಾರಿಸಿರುವುದೂ ಇಲ್ಲ.

ಸಹಯೋಗದ ಬಗೆಗಳನ್ನು ಹೋಲಿಸುವಾಗ ಸಾಮಾನ್ಯವಾಗಿ ಎಲ್ಲರೂ ಮೊತ್ತ ನೋಡುತ್ತಾರೆ. ಕಂಪ್ಯೂಟರ್ ವಿಜ್ಞಾನ ವಿಭಾಗದಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿ, ಇಂಥ ಹಲವು ಕರಡುಗಳನ್ನು ಓದಿ ತಿದ್ದಿದ ಮೇಲೆ ನಾನು ಮೊದಲು ಕಾಲಾವಧಿ ನೋಡುತ್ತೇನೆ. ಕಂಪನಿ ತನ್ನ ಕೆಲಸವನ್ನು ಅಳೆಯುವುದು ಮೂರು ಮೂರು ತಿಂಗಳ ಲೆಕ್ಕದಲ್ಲಿ, ಪಿಎಚ್.ಡಿ. ಮುಗಿಯುವುದಕ್ಕೆ ಐದಾರು ವರ್ಷ ಬೇಕು. ಈ ಎರಡು ಗಡಿಯಾರಗಳ ನಡುವಿನ ಅಂತರದ ಭಾರವನ್ನು ಕಂಪನಿ ಹೊರುತ್ತದೋ, ಅಧ್ಯಾಪಕರು ಹೊರುತ್ತಾರೋ, ವಿದ್ಯಾರ್ಥಿಯ ತಲೆಗೆ ಬರುತ್ತದೋ ಎಂಬುದೇ ಒಂದು ಬಗೆಗೂ ಇನ್ನೊಂದಕ್ಕೂ ಇರುವ ಮುಖ್ಯ ವ್ಯತ್ಯಾಸ.

ಮೊದಲು ಕಂಪನಿಯ ಒಳಗೆ ನೋಡಿ

ಮೈಕ್ರೋಸಾಫ್ಟ್ ಮತ್ತು ಗೂಗಲ್ ಎರಡಕ್ಕೂ ಬೆಂಗಳೂರಿನಲ್ಲಿ ಸಂಶೋಧನಾ ಪ್ರಯೋಗಾಲಯಗಳಿವೆ, ಎರಡೂ ಒಂದೇ ಸಮ್ಮೇಳನಗಳಲ್ಲಿ ಪ್ರಬಂಧ ಪ್ರಕಟಿಸುತ್ತವೆ, ಆದ್ದರಿಂದ ಹೊರಗಿನವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಒಳವ್ಯವಸ್ಥೆ ಮಾತ್ರ ಬೇರೆ. 1991ರಲ್ಲಿ ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗ ತೆರೆದಾಗ ಅದರ ಹೊಣೆ ಹೊತ್ತವರು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ರಿಕ್ ರಶೀದ್. ಅವರು ಅದನ್ನು ವಿಶ್ವವಿದ್ಯಾಲಯದ ಒಂದು ವಿಭಾಗದಂತೆಯೇ ಕಟ್ಟಿದರು. ಉತ್ಪನ್ನ ತಯಾರಿಸುವ ತಂಡಗಳಿಂದ ಅದು ಪ್ರತ್ಯೇಕವಾಗಿತ್ತು, ಯಾವ ಪ್ರಶ್ನೆಯ ಬೆನ್ನು ಹತ್ತಬೇಕೆಂಬುದನ್ನು ಬಹುಮಟ್ಟಿಗೆ ಸಂಶೋಧಕರೇ ತೀರ್ಮಾನಿಸುತ್ತಿದ್ದರು, ಪ್ರಕಟಣೆಗೆ ಮುಕ್ತ ಅವಕಾಶವಿತ್ತು. 2005ರ ಜನವರಿಯಲ್ಲಿ ಪಿ. ಆನಂದನ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ಶುರುವಾದ ಶಾಖೆಯೂ ಇದೇ ಜಾಡಿನದು. ಒಂದು ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂದು ಪರೀಕ್ಷಿಸುವ ಎಕೆಎಸ್ ಕ್ರಮವಿಧಿಯನ್ನು ಕಂಡುಕೊಂಡ ಮೂವರಲ್ಲಿ ಒಬ್ಬರಾದ ನೀರಜ್ ಕಯಾಲ್ ಅಲ್ಲಿ ಕುಳಿತು ಯಾವ ಸಾಫ್ಟ್‌ವೇರ್ ಪೆಟ್ಟಿಗೆಗೂ ಸೇರದ ಗಣಿತ ಮಾಡಿದರು. ರೈತರ ಅನುಭವವನ್ನು ರೈತರಿಂದಲೇ ಹೇಳಿಸಿ ಚಿಕ್ಕ ವೀಡಿಯೊ ಮಾಡಿ ಊರೂರಲ್ಲಿ ತೋರಿಸುವ ಡಿಜಿಟಲ್ ಗ್ರೀನ್ ಕೂಡ 2006ರಲ್ಲಿ ಅದೇ ಪ್ರಯೋಗಾಲಯದ ಒಂದು ಯೋಜನೆಯಾಗಿ ಹುಟ್ಟಿ, ಕರ್ನಾಟಕದ ಹಳ್ಳಿಗಳಲ್ಲಿ ಮೊದಲ ಪ್ರಯೋಗ ಕಂಡು, ಮುಂದೆ ಸ್ವತಂತ್ರ ಸಂಸ್ಥೆಯಾಯಿತು.

ಗೂಗಲ್ ತನ್ನ ಪದ್ಧತಿಯನ್ನು 2012ರಲ್ಲಿ ಒಂದು ಲೇಖನವಾಗಿಯೇ ಬರೆದು ಪ್ರಕಟಿಸಿತು. ಆಲ್ಫ್ರೆಡ್ ಸ್ಪೆಕ್ಟರ್, ಪೀಟರ್ ನಾರ್ವಿಗ್ ಮತ್ತು ಸ್ಲಾವ್ ಪೆಟ್ರೋವ್ ಬರೆದ ಆ ಲೇಖನದಲ್ಲಿ ಇದಕ್ಕೆ ಮಿಶ್ರ ಮಾದರಿ ಎಂಬ ಅರ್ಥದ ಹೆಸರಿದೆ: ಸಂಶೋಧಕರು ಮತ್ತು ಎಂಜಿನಿಯರುಗಳು ಒಂದೇ ತಂಡದಲ್ಲಿರುತ್ತಾರೆ, ಕೋಡ್ ಬರೆಯುತ್ತಾರೆ, ಕೋಟ್ಯಂತರ ಜನ ಬಳಸುವ ವ್ಯವಸ್ಥೆಯ ಮೇಲೆಯೇ ಪ್ರಯೋಗ ಮಾಡುತ್ತಾರೆ, ದೀರ್ಘ ಗುರಿಯನ್ನೂ ಚಿಕ್ಕ ಚಿಕ್ಕ ಹಂತಗಳಾಗಿ ಒಡೆದು ನಡುನಡುವೆ ಫಲ ತೆಗೆಯುತ್ತಾರೆ. ಭಾರಿ ದತ್ತಾಂಶದ ಲೆಕ್ಕವನ್ನು ಸಾವಿರಾರು ಕಂಪ್ಯೂಟರುಗಳಿಗೆ ಹಂಚುವ ವಿಧಾನವನ್ನು ವಿವರಿಸಿದ 2004ರ ಮ್ಯಾಪ್‌ರೆಡ್ಯೂಸ್ ಪ್ರಬಂಧ ಹೀಗೆ ಬಂದದ್ದು. ಮೊದಲು ಕಂಪನಿಯೊಳಗೆ ಓಡುತ್ತಿದ್ದ ವ್ಯವಸ್ಥೆ, ಆಮೇಲೆ ಪ್ರಬಂಧ.

ಇದರಿಂದ ಆಯ್ಕೆಗೆ ಏನು ತಿಳಿಯುತ್ತದೆ? ಪ್ರತ್ಯೇಕ ಪ್ರಯೋಗಾಲಯದ ಸಂಶೋಧಕರ ಬಳಿ ನಿಮ್ಮದೇ ಪ್ರಶ್ನೆಯನ್ನು ಒಯ್ಯಬಹುದು, ಅವರಿಗೆ ಹಿಡಿಸಿದರೆ ಸಾಕು. ಮಿಶ್ರ ಮಾದರಿಯ ಕಂಪನಿಯಲ್ಲಿ ನಿಮ್ಮ ಪ್ರಶ್ನೆ ಅವರು ಈಗಾಗಲೇ ಕಟ್ಟುತ್ತಿರುವ ಯಾವುದೋ ವ್ಯವಸ್ಥೆಗೆ ತಾಗಬೇಕು. ತಾಗಿದರೆ ವಿಶ್ವವಿದ್ಯಾಲಯದಲ್ಲಿ ಕನಸಿನಲ್ಲೂ ಸಿಗದ ಗಾತ್ರದಲ್ಲಿ ಅದನ್ನು ಪರೀಕ್ಷಿಸಬಹುದು, ತಾಗದಿದ್ದರೆ ಮಿಂಚಂಚೆಗೆ ಉತ್ತರ ಬರುವುದೂ ಕಷ್ಟ. ಐಬಿಎಂ ಇವೆರಡಕ್ಕಿಂತ ಹಳೆಯದು. ಅದರ ಮೊದಲ ವಿಜ್ಞಾನ ಪ್ರಯೋಗಾಲಯ 1945ರಲ್ಲಿ ತೆರೆದದ್ದು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಭಾರತದ ಪ್ರಯೋಗಾಲಯ 1998ರಲ್ಲಿ ಶುರುವಾದದ್ದು ದೆಹಲಿ ಐಐಟಿಯ ಆವರಣದೊಳಗೆ.

ಪ್ರತ್ಯೇಕ ಪ್ರಯೋಗಾಲಯಕ್ಕೆ ಆಯುಸ್ಸು ಹೆಚ್ಚೆಂದು ತಿಳಿಯಬೇಕಾಗಿಲ್ಲ. ಮೈಕ್ರೋಸಾಫ್ಟಿನ ಸಿಲಿಕಾನ್ ವ್ಯಾಲಿ ಪ್ರಯೋಗಾಲಯದಲ್ಲಿದ್ದ ಲೆಸ್ಲಿ ಲ್ಯಾಂಪೋರ್ಟ್ ಅವರಿಗೆ ಕಂಪ್ಯೂಟರ್ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 2013ನೆಯ ಸಾಲಿಗೆ ಬಂದ ವಾರ್ತೆ 2014ರ ಮಾರ್ಚಿನಲ್ಲಿ ಹೊರಬಿತ್ತು; ಅದೇ ವರ್ಷ ಸೆಪ್ಟೆಂಬರಿನಲ್ಲಿ ಪ್ರಯೋಗಾಲಯವೇ ಮುಚ್ಚಿತು.

ಕೊಡುಗೆಯೋ, ಕರಾರೋ

ಅಧ್ಯಾಪಕರೊಬ್ಬರ ಮುಂದೆ ಹೆಚ್ಚಾಗಿ ಬರುವ ಆಯ್ಕೆ ಇದು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕೊಡುಗೆ ಎಂದರೆ ಷರತ್ತಿಲ್ಲದ ಹಣ. ಗೂಗಲ್‌ನ ರಿಸರ್ಚ್ ಸ್ಕಾಲರ್ ಯೋಜನೆ ವೃತ್ತಿಯ ಆರಂಭದಲ್ಲಿರುವ ಅಧ್ಯಾಪಕರಿಗೆ ಗರಿಷ್ಠ 60,000 ಡಾಲರಿನವರೆಗೆ ಹೀಗೆ ಕೊಟ್ಟಿದೆ. ಕೆಲವೇ ಪುಟಗಳ ಪ್ರಸ್ತಾವ, ಪೇಟೆಂಟಿನ ಮಾತಿಲ್ಲ, ಮೂರು ತಿಂಗಳಿಗೊಮ್ಮೆ ವರದಿಯಿಲ್ಲ, ಪ್ರಬಂಧವನ್ನು ಯಾರಿಗೂ ಮೊದಲು ತೋರಿಸಬೇಕಾಗಿಲ್ಲ. ಕೇಳುವುದಕ್ಕೆ ಇದಕ್ಕಿಂತ ಒಳ್ಳೆಯದು ಇನ್ನೇನಿದೆ ಎನ್ನಿಸುತ್ತದೆ. ಆದರೆ ಇದು ಒಂದು ಸಲದ ಹಣ. ಮುಂದಿನ ವರ್ಷ ಮತ್ತೆ ಬರುತ್ತದೆಂಬ ಭರವಸೆಯನ್ನು ಯಾರೂ ಕೊಡುವುದಿಲ್ಲ, ಅಂದರೆ ಎರಡು ಗಡಿಯಾರಗಳ ಅಂತರ ಇಡಿಯಾಗಿ ನಿಮ್ಮ ಮೇಲೆ ಬೀಳುತ್ತದೆ. ಈ ಹಣವನ್ನೇ ನಂಬಿ ಪಿಎಚ್.ಡಿ. ವಿದ್ಯಾರ್ಥಿಯನ್ನು ಸೇರಿಸಿಕೊಳ್ಳುವುದು ತಪ್ಪು. ಒಂದು ವರ್ಷದ ಯೋಜನಾ ಸಹಾಯಕರು, ಒಂದು ಜಿಪಿಯು ಸರ್ವರ್, ಸಮ್ಮೇಳನಕ್ಕೆ ಇಬ್ಬರ ಪ್ರಯಾಣ, ಇಷ್ಟಕ್ಕೆ ಅದು ಹೇಳಿಮಾಡಿಸಿದಂತಿದೆ. ಪ್ರಸ್ತಾವವನ್ನು ಓದಿದ ಕಂಪನಿಯೊಳಗಿನ ಸಂಶೋಧಕರ ಪರಿಚಯ ಉಳಿದರೆ ಅದು ಹಣಕ್ಕಿಂತ ಹೆಚ್ಚು ದಿನ ಬಾಳುತ್ತದೆ.

ಕರಾರಿನ ಸಂಶೋಧನೆ, ಅಂದರೆ ಪ್ರಾಯೋಜಿತ ಯೋಜನೆ, ಇದಕ್ಕೆ ತದ್ವಿರುದ್ಧ. ಏನು ಮಾಡಬೇಕು, ಯಾವ ತಿಂಗಳಿಗೆ ಏನನ್ನು ಒಪ್ಪಿಸಬೇಕು, ಫಲಿತಾಂಶ ಯಾರ ಸ್ವತ್ತು ಎಂಬುದೆಲ್ಲ ಬರೆದಿರುತ್ತದೆ. ಎರಡು ಮೂರು ವರ್ಷದ ಹಣ ಖಚಿತ, ಎದುರಿಗೊಬ್ಬರು ಕಾಯುತ್ತಿರುತ್ತಾರೆಂಬ ಶಿಸ್ತೂ ಇರುತ್ತದೆ. ಆದರೆ ಕಾಗದವನ್ನು ಸಾಲು ಸಾಲಾಗಿ ಓದಲೇಬೇಕು. ನಮ್ಮ ವಿಭಾಗಕ್ಕೆ ಒಮ್ಮೆ ಬಂದ ಹದಿನಾಲ್ಕು ಪುಟಗಳ ಕರಡಿನ ಒಂಬತ್ತನೆಯ ಕಲಮಿನಲ್ಲಿ, ಪ್ರಾಯೋಜಕರ ಲಿಖಿತ ಒಪ್ಪಿಗೆಯಿಲ್ಲದೆ ಯಾವ ಫಲಿತಾಂಶವನ್ನೂ ಪ್ರಕಟಿಸತಕ್ಕದ್ದಲ್ಲ ಎಂಬ ಅರ್ಥದ ಒಂದೇ ಒಂದು ವಾಕ್ಯವಿತ್ತು. ಅದನ್ನು ಹಾಗೆಯೇ ಬಿಟ್ಟಿದ್ದರೆ ಆ ಯೋಜನೆಯಲ್ಲಿ ದುಡಿಯುವ ವಿದ್ಯಾರ್ಥಿನಿಯ ಪ್ರೌಢಪ್ರಬಂಧದ ಕೀಲಿಕೈ ಕಂಪನಿಯ ಕಾನೂನು ವಿಭಾಗದ ಕೈಯಲ್ಲಿರುತ್ತಿತ್ತು. ನಾವು ತಿದ್ದಿ ಕಳುಹಿಸಿದೆವು. ನಾಲ್ಕು ತಿಂಗಳ ಪತ್ರವ್ಯವಹಾರದ ನಂತರ, ಕರಡು ಪ್ರಬಂಧ ಕಳುಹಿಸಿದ 30 ದಿನಗಳೊಳಗೆ ಆಕ್ಷೇಪ ಬಾರದಿದ್ದರೆ ಒಪ್ಪಿಗೆಯಿದೆಯೆಂದೇ ಭಾವಿಸತಕ್ಕದ್ದು ಎಂದು ಅದು ಬದಲಾಯಿತು. ಒಂದೂವರೆ ವರ್ಷದ ಮೇಲೆ ಕಂಪನಿಯೊಳಗೆ ತಂಡಗಳ ಮರುಹೊಂದಾಣಿಕೆಯಾಗಿ ನಮ್ಮ ಯೋಜನೆಯನ್ನು ನೋಡಿಕೊಳ್ಳುತ್ತಿದ್ದವರು ಬೇರೆಡೆಗೆ ಹೋದರು, ಅವರ ಜಾಗಕ್ಕೆ ಬಂದವರಿಗೆ ಇದು ಯಾವ ಯೋಜನೆಯೆಂದೇ ತಿಳಿದಿರಲಿಲ್ಲ. ಕರಡು ಪ್ರಬಂಧಕ್ಕೆ ಉತ್ತರವೇ ಬರಲಿಲ್ಲ. ಮೂವತ್ತು ದಿನ ಎಣಿಸಿ, ಮೂವತ್ತೊಂದನೆಯ ದಿನ ಬೆಳಿಗ್ಗೆ ಪ್ರಬಂಧವನ್ನು ಸಮ್ಮೇಳನಕ್ಕೆ ಕಳುಹಿಸಿದೆವು.

ಕಂಪನಿ ಮೊದಲು ನೋಡಬೇಕೆಂದು ಕೇಳುವುದರಲ್ಲಿ ನ್ಯಾಯವಿದೆ ಎಂಬುದನ್ನೂ ಹೇಳಬೇಕು. ಅಮೆರಿಕದಲ್ಲಿ ಸಂಶೋಧಕರು ತಮ್ಮ ಆವಿಷ್ಕಾರವನ್ನು ಪ್ರಕಟಿಸಿದ ಮೇಲೂ ಒಂದು ವರ್ಷದೊಳಗೆ ಪೇಟೆಂಟಿಗೆ ಅರ್ಜಿ ಹಾಕಬಹುದು. ಭಾರತದಲ್ಲಿ, ಯುರೋಪಿನಲ್ಲಿ ಅಷ್ಟು ಸಡಿಲಿಕೆಯಿಲ್ಲ, ಪ್ರಬಂಧ ಹೊರಬಂದರೆ ಸಾಮಾನ್ಯವಾಗಿ ಹಕ್ಕು ಹೋಯಿತೆಂದೇ ಲೆಕ್ಕ. ಆದ್ದರಿಂದ 30 ದಿನ, ಪೇಟೆಂಟ್ ಅರ್ಜಿಯ ಕೆಲಸವಿದ್ದರೆ ಇನ್ನೊಂದಿಷ್ಟು ದಿನ ಕೊಡಬಹುದು. ತಡೆಯುವ ಅಧಿಕಾರವನ್ನು ಮಾತ್ರ ಕೊಡಬಾರದು. ನಮ್ಮ ಪೇಟೆಂಟ್ ಕಾಯ್ದೆಯ 3(ಕೆ) ಕಲಮು ಬರಿಯ ಕಂಪ್ಯೂಟರ್ ಪ್ರೋಗ್ರಾಮಿಗೂ ಕ್ರಮವಿಧಿಗೂ ಪೇಟೆಂಟ್ ಕೊಡುವುದಿಲ್ಲವಾದ್ದರಿಂದ, ಇಲ್ಲಿನ ಅಧ್ಯಾಪಕರು ಕೆಲವೊಮ್ಮೆ ಇಲ್ಲದ ಪೇಟೆಂಟಿಗಾಗಿ ತಿಂಗಳುಗಟ್ಟಲೆ ಚೌಕಾಸಿ ಮಾಡುವುದನ್ನೂ ಕಂಡಿದ್ದೇನೆ. ಅದಕ್ಕಿಂತ ಮುಖ್ಯವಾದದ್ದು, ಯೋಜನೆಗೆ ಮುಂಚೆ ನೀವು ಬರೆದಿಟ್ಟ ಕೋಡ್ ಮತ್ತು ಸಂಗ್ರಹಿಸಿದ ದತ್ತಾಂಶ ನಿಮ್ಮದಾಗಿಯೇ ಉಳಿಯುತ್ತದೆಂದು ಅನುಬಂಧದಲ್ಲಿ ಹೆಸರು ಹಿಡಿದು ಬರೆಸುವುದು.

ಒಂದು ಕಂಪನಿಯ ಬದಲು ಹಲವು

ಹಲವು ಕಂಪನಿಗಳಿಂದ ಸಮಾನ ಚಂದಾ ಪಡೆದು, ಫಲಿತಾಂಶವನ್ನು ಯಾರಿಗೂ ಬರೆದುಕೊಡದೆ ಎಲ್ಲರಿಗೂ ತೆರೆದಿಡುವ ಮಾದರಿ ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು. ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಪ್ಯಾಟರ್‌ಸನ್ ಮತ್ತು ಸಂಗಡಿಗರು ರ್‍ಯಾಡ್ ಲ್ಯಾಬ್ ಎಂಬ ಪ್ರಯೋಗಾಲಯ ಶುರುಮಾಡಿದಾಗ ಗೂಗಲ್, ಮೈಕ್ರೋಸಾಫ್ಟ್ ಮತ್ತು ಸನ್ ಕಂಪನಿಗಳು ಸೇರಿ ಐದು ವರ್ಷಕ್ಕೆ 75 ಲಕ್ಷ ಡಾಲರ್ ಕೊಡಲು ಒಪ್ಪಿದವು. ಮಾರುಕಟ್ಟೆಯಲ್ಲಿ ಒಬ್ಬರನ್ನೊಬ್ಬರು ಕಂಡರಾಗದ ಕಂಪನಿಗಳು ಇಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತದ್ದು, ಅಲ್ಲಿ ತಯಾರಾಗುವ ಸಾಫ್ಟ್‌ವೇರ್ ಎಲ್ಲರಿಗೂ ಮುಕ್ತವೆಂಬ ನಿಯಮ ಮೊದಲೇ ಇದ್ದುದರಿಂದ. ಇಂದು ಅನೇಕ ಕಂಪನಿಗಳು ದತ್ತಾಂಶ ಸಂಸ್ಕರಣೆಗೆ ಬಳಸುವ ಸ್ಪಾರ್ಕ್ 2009ರಲ್ಲಿ ಮಾತೆಯ್ ಜಹಾರಿಯಾ ಎಂಬ ಪಿಎಚ್.ಡಿ. ವಿದ್ಯಾರ್ಥಿಯ ಕೈಯಲ್ಲಿ ಹುಟ್ಟಿದ್ದು ಇದೇ ಪರಿಸರದಲ್ಲಿ.

ಐದು ವರ್ಷವೆಂಬ ಅವಧಿಯನ್ನು ಗಮನಿಸಿ. ಅದು ಒಂದು ಪಿಎಚ್.ಡಿ.ಯ ಅಳತೆ. ಒಂದು ಕಂಪನಿ ನಡುವೆ ಕೈಬಿಟ್ಟರೂ ಉಳಿದವು ಇರುತ್ತವೆ, ಹಾಗಾಗಿ ವಿದ್ಯಾರ್ಥಿ ಬೀದಿಗೆ ಬೀಳುವುದಿಲ್ಲ. ಆದರೆ ಇದಕ್ಕೆ ನಾಲ್ಕೈದು ಅಧ್ಯಾಪಕರು ತಮ್ಮ ತಮ್ಮ ಕೋಣೆಯ ಬಾಗಿಲು ತೆಗೆದು ಒಂದೇ ಸಮಸ್ಯೆಯ ಸುತ್ತ ಕೂರಬೇಕು. ನಮ್ಮಲ್ಲಿ ಹಣಕ್ಕಿಂತ ಅದೇ ದುರ್ಲಭ.

ಒಂದೇ ಸೂರಿನಡಿಯ ಪ್ರಯೋಗಾಲಯ

ಎಂಐಟಿಯೊಡನೆ ಐಬಿಎಂ 2017ರಲ್ಲಿ ಕೃತಕ ಬುದ್ಧಿಮತ್ತೆಗೆಂದು ತೆರೆದ ಜಂಟಿ ಪ್ರಯೋಗಾಲಯಕ್ಕೆ ಹತ್ತು ವರ್ಷಕ್ಕೆ 24 ಕೋಟಿ ಡಾಲರ್ ಘೋಷಿಸಿತು. ಅಲ್ಲಿ ಪ್ರತಿ ಯೋಜನೆಯಲ್ಲೂ ಎರಡೂ ಕಡೆಯ ಸಂಶೋಧಕರು ಜತೆಗಿರುತ್ತಾರೆ. ನಮ್ಮಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2011ರಲ್ಲಿ ಬಾಷ್ ಕಂಪನಿಯ ನೆರವಿನಿಂದ ಶುರುವಾದ ಸೈಬರ್-ಫಿಸಿಕಲ್ ವ್ಯವಸ್ಥೆಗಳ, ಅಂದರೆ ಕಂಪ್ಯೂಟರ್ ನಿಯಂತ್ರಿಸುವ ಯಂತ್ರವ್ಯವಸ್ಥೆಗಳ ಕೇಂದ್ರವಿದೆ. ಅವಧಿಯ ದೃಷ್ಟಿಯಿಂದ ಇಂಥ ಏರ್ಪಾಡುಗಳಿಗೆ ಸಾಟಿಯಿಲ್ಲ. ಆದರೆ ಇಷ್ಟು ದೊಡ್ಡ ಒಡಂಬಡಿಕೆ ಸಂಸ್ಥೆಗಳ ನಡುವೆ ಆಗುವಂಥದು, ವಿಭಾಗವೊಂದು ಆಯ್ದುಕೊಳ್ಳುವಂಥದಲ್ಲ. ಅದರ ಬಾಗಿಲು ತೆರೆಯುವ ಕಾಲೇಜುಗಳು ಕರ್ನಾಟಕದಲ್ಲಿ ಬೆರಳೆಣಿಕೆಯಷ್ಟು. ಇಂಟೆಲ್ ಈ ಶತಮಾನದ ಆರಂಭದಲ್ಲಿ ಬರ್ಕ್‌ಲಿ, ಸಿಯಾಟಲ್, ಪಿಟ್ಸ್‌ಬರ್ಗ್ ಮುಂತಾದೆಡೆ ವಿಶ್ವವಿದ್ಯಾಲಯಗಳ ಮಗ್ಗುಲಲ್ಲೇ ಪುಟ್ಟ ಪ್ರಯೋಗಾಲಯಗಳನ್ನು ಇಟ್ಟು, ಅಧ್ಯಾಪಕರನ್ನೇ ನಿರ್ದೇಶಕರನ್ನಾಗಿ ಕರೆತಂದು ನಡೆಸಿತ್ತು. 2011ರಲ್ಲಿ ಅವನ್ನು ಮುಚ್ಚಿ, ಹಣವನ್ನು ನೇರವಾಗಿ ವಿಶ್ವವಿದ್ಯಾಲಯಗಳ ಒಳಗಿನ ಕೇಂದ್ರಗಳಿಗೆ ಕೊಡುವ ಪದ್ಧತಿಗೆ ಬದಲಾಯಿಸಿಕೊಂಡಿತು.

ಜನರ ಓಡಾಟ

ಹಣದ ಮಾತು ಬಿಟ್ಟು ಜನರ ಮೂಲಕ ನಡೆಯುವ ಸಹಯೋಗವೂ ಇದೆ, ಮತ್ತು ಚಿಕ್ಕ ಕಾಲೇಜುಗಳಿಗೆ ನಾನು ಮೊದಲು ಸೂಚಿಸುವುದು ಇದನ್ನೇ. 2017ರಲ್ಲಿ ಟ್ರಾನ್ಸ್‌ಫಾರ್ಮರ್ ಎಂಬ, ಇಂದಿನ ಕೃತಕ ಬುದ್ಧಿಮತ್ತೆಯ ಭಾಷಾ ಮಾದರಿಗಳಿಗೆ ತಳಹದಿಯಾದ ವಿನ್ಯಾಸವನ್ನು ಮುಂದಿಟ್ಟ ಗೂಗಲ್ ಪ್ರಬಂಧದ ಎಂಟು ಲೇಖಕರಲ್ಲಿ ಒಬ್ಬರಾದ ಏಡನ್ ಗೋಮೆಜ್ ಆಗ ಟೊರಾಂಟೊ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಇಂಟರ್ನ್ ಆಗಿ ಅಲ್ಲಿಗೆ ಹೋದವರು. ಎಲ್ಲ ಇಂಟರ್ನ್‌ಶಿಪ್‌ಗಳೂ ಹೀಗಾಗುವುದಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ, ಆದರೆ ಮೂರು ತಿಂಗಳೆಂಬುದು ಕಂಪನಿಯ ಗಡಿಯಾರಕ್ಕೂ ವಿದ್ಯಾರ್ಥಿಯ ರಜೆಗೂ ಏಕಕಾಲಕ್ಕೆ ಹೊಂದುವ ಅವಧಿ. ಬಿ.ಇ. ಅಥವಾ ಎಂ.ಟೆಕ್. ಮುಗಿಸಿದವರನ್ನು ಒಂದೆರಡು ವರ್ಷ ಸಂಶೋಧನಾ ಫೆಲೋ ಆಗಿ ಇಟ್ಟುಕೊಳ್ಳುವ ಕಾರ್ಯಕ್ರಮ ಬೆಂಗಳೂರಿನ ಮೈಕ್ರೋಸಾಫ್ಟ್ ಪ್ರಯೋಗಾಲಯದಲ್ಲಿದೆ. ಅಲ್ಲಿ ದುಡಿದು ಹೊರದೇಶದ ಒಳ್ಳೆಯ ಪಿಎಚ್.ಡಿ.ಗೆ ಹೋದವರು ಅನೇಕರು. ವಿದ್ಯಾರ್ಥಿಯೊಬ್ಬ ತನಗೆ ಸಂಶೋಧನೆ ಒಗ್ಗುತ್ತದೆಯೇ ಎಂದು ನೋಡಿಕೊಳ್ಳಲು ಇದಕ್ಕಿಂತ ಕಡಿಮೆ ನಷ್ಟದ ದಾರಿ ನನಗೆ ಗೊತ್ತಿಲ್ಲ. ನಮ್ಮ ಹುಡುಗರು ನೇಮಕಾತಿಯ ಸಂಬಳದೊಡನೆ ಇದನ್ನು ಹೋಲಿಸಿ ಬಿಟ್ಟುಬಿಡುತ್ತಾರೆ, ಅದೊಂದು ಬೇಸರ.

ಹಿರಿಯರಿಗಾದರೆ ಎರಡು ಕಡೆ ಕಾಲಿಡುವ ಏರ್ಪಾಡಿದೆ. ಕೃತಕ ಬುದ್ಧಿಮತ್ತೆಯ ಹೆಸರಾಂತ ಸಂಶೋಧಕರಲ್ಲಿ ಜೆಫ್ರಿ ಹಿಂಟನ್ 2013ರಿಂದ ಟೊರಾಂಟೊ ವಿಶ್ವವಿದ್ಯಾಲಯ ಮತ್ತು ಗೂಗಲ್ ಎರಡರಲ್ಲೂ ಇದ್ದರು; ಯಾನ್ ಲೆಕುನ್ ಅದೇ ವರ್ಷದ ಕೊನೆಯಲ್ಲಿ ಫೇಸ್‌ಬುಕ್‌ನ ಸಂಶೋಧನಾ ವಿಭಾಗ ಕಟ್ಟಲು ಹೋದಾಗಲೂ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಹುದ್ದೆ ಉಳಿಸಿಕೊಂಡರು. ಈ ದಾರಿ ಒಂದೇ ದಿಕ್ಕಿಗೆ ಹರಿದರೆ ಏನಾಗುತ್ತದೆಂಬುದಕ್ಕೆ 2015ರ ಪಿಟ್ಸ್‌ಬರ್ಗ್ ಉದಾಹರಣೆಯಿದೆ: ಕಾರ್ನೆಗಿ ಮೆಲನ್ ಜತೆ ಸಹಯೋಗ ಘೋಷಿಸಿದ ಊಬರ್, ಅಲ್ಲಿನ ರೊಬಾಟಿಕ್ಸ್ ಕೇಂದ್ರದಿಂದ ಸುಮಾರು 40 ಮಂದಿಯನ್ನು ಕೆಲಸಕ್ಕೆ ಸೇರಿಸಿಕೊಂಡಿತು.

ದತ್ತಾಂಶಕ್ಕಾಗಿ ಒಂದುಗೂಡುವುದು

ಕನ್ನಡದಂಥ ಭಾಷೆಗಳ ಮಟ್ಟಿಗೆ ಇದು ಪ್ರತ್ಯೇಕ ಬಗೆಯೆಂದೇ ಎಣಿಸಬೇಕು. ಗೂಗಲ್ ನೆರವಿನಿಂದ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅಲ್ಲಿನ ಕೃತಕ ಬುದ್ಧಿಮತ್ತೆ, ರೊಬಾಟಿಕ್ಸ್ ಕೇಂದ್ರವಾದ ಆರ್ಟ್‌ಪಾರ್ಕ್ ಕೈಗೊಂಡ ವಾಣಿ ಯೋಜನೆ ದೇಶದ 773 ಜಿಲ್ಲೆಗಳಿಂದ ಸುಮಾರು ಹತ್ತು ಲಕ್ಷ ಜನರ ಮಾತನ್ನು, ಒಟ್ಟು ಒಂದೂವರೆ ಲಕ್ಷ ಗಂಟೆಗೂ ಹೆಚ್ಚು ಸಂಗ್ರಹಿಸುವ ಗುರಿ ಇಟ್ಟುಕೊಂಡಿತು, ಸಂಗ್ರಹವನ್ನು ಯಾರು ಬೇಕಾದರೂ ಬಳಸುವಂತೆ ತೆರೆದಿಟ್ಟಿದೆ. ಭಾಷೆಯ ಹೆಸರಿನಿಂದ ಹೊರಡದೆ ಜಿಲ್ಲೆಯಿಂದ ಹೊರಟದ್ದು ಇದರ ಜಾಣತನ. ಕಲಬುರಗಿಯ ಕನ್ನಡವೂ ಕುಂದಾಪುರದ ಕನ್ನಡವೂ ಒಂದೇ ಕಡತದಲ್ಲಿ ಕರಗಿಹೋಗುವ ಅಪಾಯ ಇದರಿಂದ ಕಡಿಮೆಯಾಗುತ್ತದೆ. ಕಾಲೇಜೊಂದು ಇಂಥ ಸಂಗ್ರಹಕ್ಕೆ ಸೇರುವಾಗ ಕೇಳಬೇಕಾದದ್ದು ಸಂಗ್ರಹ ಕೊನೆಗೆ ಮುಕ್ತವಾಗುತ್ತದೆಯೇ, ಮಾತಾಡಿದವರಿಗೆ ಎಷ್ಟು ಹಣ ಸಲ್ಲುತ್ತದೆ ಎಂಬುದನ್ನು. ಇವಕ್ಕೆ ಬರವಣಿಗೆಯಲ್ಲಿ ಉತ್ತರ ಸಿಗದಿದ್ದರೆ ಕಾಲೇಜು ಕೇವಲ ಅಗ್ಗದ ಗುತ್ತಿಗೆದಾರನಾಗುತ್ತದೆ.

ಕಂಪನಿಗಳು ಹಣದ ಬದಲು ಕೊಡುವ ಕ್ಲೌಡ್ ಕ್ರೆಡಿಟ್ಟುಗಳ, ಅಂದರೆ ತಮ್ಮ ಕಂಪ್ಯೂಟರುಗಳನ್ನು ಅಂತರ್ಜಾಲದ ಮೂಲಕ ಇಂತಿಷ್ಟು ಬಳಸುವ ಅವಕಾಶದ ಬಗ್ಗೆ ಒಂದೇ ಮಾತು: ಅವಕ್ಕೆ ಕೊನೆಯ ದಿನಾಂಕವಿರುತ್ತದೆ, ಪರೀಕ್ಷೆಗಳ ಕಾಲದಲ್ಲಿ ಕೈಗೆ ಬಂದರೆ ಅರ್ಧ ಹಾಗೆಯೇ ಕರಗುತ್ತದೆ.

ಲೆಕ್ಕಪತ್ರ ವಿಭಾಗದ ಗಡಿಯಾರ

ಯಾವ ಬಗೆಯನ್ನು ಆಯ್ದರೂ ಹಣ ಯಾವ ಶೀರ್ಷಿಕೆಯಲ್ಲಿ ಬರುತ್ತದೆಂಬುದನ್ನು ಕರಡಿನ ಹಂತದಲ್ಲೇ ತಿಳಿಯಬೇಕು. ಭಾರತದಲ್ಲಿ ಕಂಪನಿಗಳ ಕಾಯ್ದೆಯ ಏಳನೆಯ ಅನುಸೂಚಿಯಂತೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಸಂಶೋಧನೆಗೆಂದು ಸರ್ಕಾರಿ ಹಣದಿಂದ ನಡೆಯುವ ವಿಶ್ವವಿದ್ಯಾಲಯಗಳಿಗೆ ಕೊಡುವ ಹಣವನ್ನು ಕಂಪನಿ ತನ್ನ ಸಾಮಾಜಿಕ ಹೊಣೆಗಾರಿಕೆಯ ಖರ್ಚೆಂದು ತೋರಿಸಬಹುದು. ಖಾಸಗಿ ಕಾಲೇಜಿಗೆ ಆ ಬಾಗಿಲು ಹಾಗೆ ತೆರೆದಿಲ್ಲ. ಹೊರದೇಶದ ಮೂಲ ಕಂಪನಿಯಿಂದ ನೇರವಾಗಿ ಕೊಡುಗೆ ಬರುವುದಾದರೆ, ಟ್ರಸ್ಟ್ ನಡೆಸುವ ಕಾಲೇಜು ತನಗೆ ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇದೆಯೇ ಎಂದು ನೋಡಿಕೊಳ್ಳಬೇಕು. ಜಿಎಸ್‌ಟಿಯ ಗೊಂದಲ 2024ರ ಸೆಪ್ಟೆಂಬರಿನ ಮಂಡಳಿ ಸಭೆಯ ನಂತರ ಕಡಿಮೆಯಾಗಿದೆ: 1961ರ ಆದಾಯ ತೆರಿಗೆ ಕಾಯ್ದೆಯ 35ನೆಯ ಕಲಮಿನಡಿ ಅಧಿಸೂಚಿತವಾದ ವಿಶ್ವವಿದ್ಯಾಲಯ, ಕಾಲೇಜುಗಳು ಅನುದಾನ ಪಡೆದು ನಡೆಸುವ ಸಂಶೋಧನೆಗೆ ವಿನಾಯಿತಿ ದೊರೆತಿದೆ. ಆದರೆ ಅದೇ ಕೆಲಸವನ್ನು ಸಲಹಾ ಸೇವೆ ಎಂದು ಬರೆದುಕೊಂಡರೆ ಶೇ 18 ತೆರಿಗೆ ಬೀಳುತ್ತದೆ. ಕಂಪನಿಯವರು ತಮ್ಮ ಅನುಕೂಲಕ್ಕೆ ಆ ಪದ ಹಾಕಿದ್ದರೆ ಸಹಿಗೆ ಮುಂಚೆಯೇ ಬದಲಾಯಿಸಿ.

ನಮ್ಮ ವಿಭಾಗಕ್ಕೆ ಬಂದ ಎರಡನೆಯ ಯೋಜನೆಯಲ್ಲಿ ಕಂಪನಿ ಹೇಳಿದ ದಿನಕ್ಕೆ ಹಣ ಕಳುಹಿಸಿತು, ಯಾವ ಕಲಮಿನ ಬಗ್ಗೆಯೂ ತಕರಾರಿರಲಿಲ್ಲ. ಹಣವನ್ನು ಯಾವ ಖಾತೆಯ ಶೀರ್ಷಿಕೆಯಡಿ ಜಮಾ ಮಾಡಬೇಕೆಂದು ತೀರ್ಮಾನವಾಗಲು ನಮ್ಮದೇ ಕಚೇರಿಯಲ್ಲಿ ಏಳು ತಿಂಗಳು ಹಿಡಿಯಿತು, ಅಷ್ಟರಲ್ಲಿ ನಾವು ಆರಿಸಿಟ್ಟಿದ್ದ ಸಂಶೋಧನಾ ಸಹಾಯಕಿ ಅದೇ ಕಂಪನಿಯಲ್ಲಿ ಎಂಜಿನಿಯರ್ ಆಗಿ ಸೇರಿ, ಮೊದಲ ಪರಿಶೀಲನಾ ಸಭೆಗೆ ಅವರ ಕಡೆಯಿಂದ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕುಳಿತಿದ್ದಳು.